ಕೊಡಗಿನ ಮಳೆಗೆ ಯಾವ ಟೈರ್? ಮೊದಲು ನಿಮ್ಮ ಹಳೇ ಟೈರ್ ನೋಡಿ

ಪ್ರಶ್ನೆ: ನನ್ನದು 2022ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್. ಸ್ಪೋಕ್ ಚಕ್ರ, ಹಿಂದೆ ಡ್ರಮ್ ಬ್ರೇಕ್. ವಾರಕ್ಕೆ ಆರು ದಿನ ನಾಪೋಕ್ಲುವಿನಿಂದ ಮೂರ್ನಾಡು ಮೇಲೆ ಮಡಿಕೇರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ವಾರಕ್ಕೆರಡು ಸಲ ತೋಟಕ್ಕೆ ಹೋಗಬೇಕು, ಅಲ್ಲಿ ಕೊನೆಯ ಒಂದು ಕಿಲೋಮೀಟರ್ ಬರೀ ಮಣ್ಣು ದಾರಿ. ತಿಂಗಳಿಗೊಮ್ಮೆ ಮೈಸೂರು. ಹಿಂದಿನ ಟೈರ್ ಸವೆದಿದೆ, ಮುಂದಿನದು ಚೆನ್ನಾಗಿದೆ. ಹೋದ ಮಳೆಗಾಲದಲ್ಲಿ ಎರಡು ಸಲ ಜಾರಿತು. ಒಮ್ಮೆ ಮನೆ ಹತ್ತಿರದ ಕಾಂಕ್ರೀಟ್ ರಸ್ತೆಯಲ್ಲಿ, ಇನ್ನೊಮ್ಮೆ ಮೂರ್ನಾಡಿನ ಹತ್ತಿರ ತಿರುವಿನಲ್ಲಿ ಬ್ರೇಕ್ ಒತ್ತಿದಾಗ. ಸ್ನೇಹಿತರು ಬಟನ್ ಟೈರ್ (ಮೈಮೇಲೆ ಎತ್ತರದ ರಬ್ಬರ್ ಗುಂಡಿಗಳಿರುವಂಥದ್ದು) ಹಾಕಿಸು ಅಂತಾರೆ. ಅಂಗಡಿಯವರು ಒಂದು ಸೈಜ್ ಅಗಲದ್ದು ಹಾಕಿಸಿ ಅಂತಾರೆ. ಎಂಆರ್‌ಎಫ್ ಒಳ್ಳೆಯದಾ, ಸಿಯೆಟ್ ಒಳ್ಳೆಯದಾ?

ಉತ್ತರ: ಕಂಪನಿ ಹೆಸರನ್ನು ಕೊನೆಗೆ ಇಟ್ಟುಕೊಳ್ಳೋಣ. ಎಂಆರ್‌ಎಫ್, ಸಿಯೆಟ್, ಅಪೋಲೊ, ಟಿವಿಎಸ್ ಯೂರೋಗ್ರಿಪ್ ಎಲ್ಲರೂ ಡಾಂಬರಿಗೊಂದು, ಮಣ್ಣಿಗೊಂದು, ಎರಡಕ್ಕೂ ಆಗುವಂಥದ್ದೊಂದು ಅಂತ ಬೇರೆ ಬೇರೆ ಟೈರ್ ಮಾಡುತ್ತಾರೆ. ಬಗೆ ಸರಿಯಾಗಿ ಆರಿಸಿಕೊಂಡರೆ ಕಂಪನಿ ಯಾವುದಾದರೂ ನಡೆಯುತ್ತದೆ. ಬಗೆ ತಪ್ಪಿದರೆ ಎಷ್ಟು ದೊಡ್ಡ ಹೆಸರಿದ್ದರೂ ಉಪಯೋಗವಿಲ್ಲ.

ಮೊದಲು ಒಂದು ಲೆಕ್ಕ ಹಾಕಿ. ನಾಪೋಕ್ಲುವಿನಿಂದ ಮಡಿಕೇರಿಗೆ ಸುಮಾರು 20 ಕಿಲೋಮೀಟರ್. ಹೋಗಿ ಬರೋದು 40, ತಿಂಗಳಿಗೆ 25 ದಿನ ಅಂದರೆ 1000 ಕಿಲೋಮೀಟರ್. ಮೈಸೂರಿಗೆ ಹೋಗಿ ಬಂದರೆ ಇನ್ನೊಂದು 260 ಅಂತ ಇಟ್ಟುಕೊಳ್ಳಿ. ತೋಟದ ಮಣ್ಣು ದಾರಿ ಎಂಟು ಸಲ ಹೋಗಿ ಬಂದರೆ 16 ಕಿಲೋಮೀಟರ್. ನೂರು ಕಿಲೋಮೀಟರಿಗೆ ಒಂದು ಚಿಲ್ಲರೆ! ಆ ಒಂದು ಕಿಲೋಮೀಟರಿನ ಕಷ್ಟ ಮನಸ್ಸಲ್ಲಿ ಕೂತಿರುತ್ತದೆ, ನಿಜ. ಟೈರ್ ತಗೊಳ್ಳುವಾಗ ಅದೊಂದೇ ನೆನಪಾಗುತ್ತದೆ. ಆದರೆ ಉಳಿದ 99 ಕಿಲೋಮೀಟರ್ ನೀವು ಓಡಿಸೋದು ಡಾಂಬರಿನ ಮೇಲೆ. ವರ್ಷದಲ್ಲಿ ನಾಲ್ಕು ತಿಂಗಳಾದರೂ ಅದು ಒದ್ದೆ ಡಾಂಬರು. ತೋಟದ ಕೆಸರಲ್ಲಿ ನಿಮ್ಮ ವೇಗ ಹತ್ತು ಹದಿನೈದು. ಬಿದ್ದರೆ ಪ್ಯಾಂಟ್ ಒಗೆಯಬೇಕು. ಮೂರ್ನಾಡು ರಸ್ತೆಯಲ್ಲಿ ವೇಗ ಐವತ್ತು, ಎದುರಿಗೆ ಬಸ್ಸು. ಟೈರ್ ಆರಿಸಬೇಕಾದ್ದು ಈ ಎರಡನೇ ಜಾಗಕ್ಕೆ.

ಈಗ ಆ ಎರಡು ಜಾರಾಟ ನೋಡೋಣ. ಎರಡೂ ಒಂದೇ ಥರದ್ದಲ್ಲ.

ಕಾಂಕ್ರೀಟ್ ರಸ್ತೆಯಲ್ಲಿ ಜಾರಿದ್ದು ಪಾಚಿಯಿಂದ ಅಂತ ಕಾಣುತ್ತದೆ. ನಮ್ಮ ಊರೊಳಗಿನ ಕಾಂಕ್ರೀಟ್ ರಸ್ತೆಗಳಿಗೆ ಎರಡೂ ಕಡೆ ತೋಟದ ಮರ. ಬಿಸಿಲು ನೆಲಕ್ಕೆ ಬೀಳೋದೇ ಇಲ್ಲ. ಜುಲೈ ಹೊತ್ತಿಗೆ ಕಪ್ಪು ಹಸಿರು ಪದರ ಕಟ್ಟಿರುತ್ತದೆ. ದೂರದಿಂದ ಬರೀ ಒದ್ದೆ ಅಂತ ಕಾಣುತ್ತದೆ, ಬೆರಳಿಟ್ಟರೆ ಲೋಳೆ. ಇದರ ಮೇಲೆ ನಿಲ್ಲುವ ಟೈರ್ ಯಾವ ಕಂಪನಿಯೂ ಮಾಡಿಲ್ಲ. ರಬ್ಬರ್ ಹಿಡಿಯಬೇಕಾದ್ದು ಕಾಂಕ್ರೀಟನ್ನು, ನಡುವೆ ಪಾಚಿ ಇದ್ದರೆ ಅದು ಪಾಚಿಯನ್ನಷ್ಟೇ ಹಿಡಿಯುತ್ತದೆ. ಅಲ್ಲಿ ಮಾಡಬೇಕಾದ್ದು ಬೇರೆ. ಜೀಪು, ಪಿಕಪ್ಪಿನ ಚಕ್ರ ಓಡಾಡಿ ಎರಡು ಪಟ್ಟೆ ಬೆಳ್ಳಗೆ ಉಜ್ಜಿರುತ್ತದಲ್ಲ, ಅದರ ಮೇಲೇ ಹೋಗಿ. ಪಟ್ಟೆ ಬದಲಾಯಿಸುವಾಗ ಬ್ರೇಕ್ ಮುಟ್ಟಬೇಡಿ. ಇಳಿಜಾರಿದ್ದರೆ ಮೇಲಿಂದಲೇ ಎರಡನೇ ಗೇರಿಗೆ ಹಾಕಿಕೊಂಡು ಇಳಿಯಿರಿ. ಸಿಲ್ವರ್ ಓಕ್ ಎಲೆ ಒದ್ದೆಯಾಗಿ ಹಾಸಿಕೊಂಡ ತಿರುವಿಗೂ ಇದೇ ಮಾತು.

ಮೂರ್ನಾಡಿನ ತಿರುವಿನದು ಬೇರೆ ಕಥೆ. 125 ಸಿಸಿಗಿಂತ ದೊಡ್ಡ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ, ಅಂದರೆ ಬ್ರೇಕ್ ಜೋರಾಗಿ ಹಿಡಿದರೂ ಚಕ್ರ ನಿಂತುಹೋಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ. ಆದರೆ ಹಿಂದೆ ಡ್ರಮ್ ಇರುವ ನಿಮ್ಮ ಮಾದರಿಯಲ್ಲಿ ಎಬಿಎಸ್ ಇರೋದು ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನ ಬ್ರೇಕ್ ಜೋರಾಗಿ ಒತ್ತಿದರೆ ಚಕ್ರ ನಿಂತೇ ಹೋಗುತ್ತದೆ. ನಿಂತ ಚಕ್ರ, ಅದರಲ್ಲಿ ಸವೆದ ಟೈರ್, ಕೆಳಗೆ ನೀರು. ಹಿಂಭಾಗ ಪಕ್ಕಕ್ಕೆ ಹೋಗದೆ ಇನ್ನೇನು ಮಾಡುತ್ತದೆ? ಇದಕ್ಕೆ ಹೊಸ ಟೈರ್ ಖಂಡಿತ ಸಹಾಯ ಮಾಡುತ್ತದೆ, ಪೂರ್ತಿಯಾಗಿ ಅಲ್ಲ. ತಿರುವಿಗೆ ಮೊದಲೇ ವೇಗ ಇಳಿಸಿ, ಮುಂದಿನ ಬ್ರೇಕನ್ನು ನಿಧಾನಕ್ಕೆ ಬಿಗಿ ಮಾಡುತ್ತಾ ಹೋಗೋದು ಅಭ್ಯಾಸ ಮಾಡಿಕೊಳ್ಳಿ. ಮಳೆ ಬಂದರೆ ಮುಂದಿನ ಬ್ರೇಕ್ ಮುಟ್ಟಲೇಬಾರದು ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಇದರಿಂದ ಬಿದ್ದವರೇ ಜಾಸ್ತಿ ಅಂತ ನನ್ನ ಅನಿಸಿಕೆ.

ಇನ್ನು ನೀವು ಹೇಗೆ ಓಡಿಸುತ್ತೀರಿ ಅನ್ನೋದು. ಇದನ್ನು ಸವಾರನ ಬಾಯಿಂದ ಕೇಳಬಾರದು. ಯಾರನ್ನು ಕೇಳಿದರೂ ‘ನಿಧಾನಕ್ಕೇ ಓಡಿಸ್ತೀನಿ’ ಅಂತಾರೆ. ಟೈರ್ ಸುಳ್ಳು ಹೇಳೋದಿಲ್ಲ. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಹಿಂದೆ ಕುಕ್ಕರಗಾಲಲ್ಲಿ ಕೂತು ಟೈರನ್ನು ನಿಧಾನಕ್ಕೆ ತಿರುಗಿಸಿ ನೋಡಿ. ನಡುವೆ ಮಾತ್ರ ಸವೆದು, ಗುಂಡಗಿದ್ದ ಟೈರ್ ಚಪ್ಪಟೆಯಾಗಿದೆಯಾ? ಅದು ನೇರ ರಸ್ತೆಯ ಓಟ, ಇಲ್ಲವೇ ಗಾಳಿ ಜಾಸ್ತಿ. ಇಂಥ ಟೈರ್ ನೇರ ಹೋಗುವಾಗ ಏನೂ ತೊಂದರೆ ಕೊಡೋದಿಲ್ಲ. ತಿರುವಿನಲ್ಲಿ ಬಗ್ಗಿಸಿದಾಗ ಚಪ್ಪಟೆ ಮುಗಿದು ಅಂಚು ಶುರುವಾಗುವ ಕಡೆ ಬೈಕ್ ಥಟ್ಟನೆ ಒಳಕ್ಕೆ ಬಿದ್ದ ಹಾಗಾಗುತ್ತದೆ. ಒಂದೇ ಜಾಗದಲ್ಲಿ ಉಜ್ಜಿದ ಹಾಗೆ ಬೋಳು ತೇಪೆ ಇದ್ದರೆ ಅದು ಬ್ರೇಕಿಗೆ ಹಿಂದಿನ ಚಕ್ರ ನಿಂತು ಎಳೆದ ಗುರುತು. ನಿಮ್ಮದರಲ್ಲಿ ಇದ್ದೀತು, ಹುಡುಕಿ.

ಟೈರಿನ ಎರಡೂ ಅಂಚಲ್ಲಿ ಒಂದು ಬೆರಳು ಅಗಲ ಹೊಸದರ ಹಾಗೇ ಉಳಿದಿದ್ದರೆ ನೀವು ಅಷ್ಟು ಬಗ್ಗಿಸಿ ಓಡಿಸೋದಿಲ್ಲ ಅಂತ ಅರ್ಥ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಹುಡುಗರು ಇದನ್ನು ನೋಡಿ ನಗುತ್ತಾರೆ, ಬಿಡಿ. ಕಲ್ಲು, ಎಲೆ, ದನ ಯಾವ ತಿರುವಲ್ಲಿ ಇರುತ್ತದೋ ಗೊತ್ತಿಲ್ಲದ ನಮ್ಮ ರಸ್ತೆಯಲ್ಲಿ ಆ ಒಂದು ಬೆರಳು ಉಳಿದಿರೋದೇ ಒಳ್ಳೆಯದು.

ಆಮೇಲೆ ಮುಂದಿನ ಟೈರಿನ ಮೇಲೆ ಅಂಗೈ ಆಡಿಸಿ. ಒಂದು ಕಡೆಗೆ ಸವರಿದರೆ ನಯ, ತಿರುಗಿಸಿ ಸವರಿದರೆ ಗರಗರ ಅನ್ನುತ್ತದೆಯಾ? ಗಟ್ಟಿ ಬ್ರೇಕ್ ಹಿಡಿಯುವವರ ಮುಂದಿನ ಟೈರ್ ಹೀಗೆ ಸವೆಯುತ್ತದೆ. ಗಾಳಿ ಕಡಿಮೆ ಇಟ್ಟು ಓಡಿಸಿದರೂ, ಮುಂದಿನ ಶಾಕ್ ಸೋತಿದ್ದರೂ ಹೀಗೇ. ಅಲೆ ಅಲೆಯಾಗಿ ತಗ್ಗು ಬಿದ್ದಿದ್ದರೆ ಹೊಸ ಟೈರ್ ಹಾಕಿಸುವ ಮೊದಲು ಶಾಕ್, ಬೇರಿಂಗ್ ತೋರಿಸಿ. ಇಲ್ಲದಿದ್ದರೆ ಹೊಸದೂ ಹಾಗೇ ಹಾಳಾಗುತ್ತದೆ.

ನೀವು ‘ಮುಂದಿನದು ಚೆನ್ನಾಗಿದೆ’ ಅಂದಿದ್ದೀರಿ. ನನಗೆ ಅಲ್ಲೇ ಅನುಮಾನ. ಮುಂದಿನ ಟೈರ್ ಹಿಂದಿನದಕ್ಕಿಂತ ನಿಧಾನಕ್ಕೆ ಸವೆಯುತ್ತದೆ. ಹಾಗಾಗಿ ನಮ್ಮ ಜನ ಹಿಂದಿನದನ್ನು ಎರಡು ಸಲ ಬದಲಾಯಿಸಿದರೂ ಮುಂದಿನದನ್ನು ಮುಟ್ಟೋದಿಲ್ಲ. ಟೈರಿನ ಮೈಮೇಲಿನ ಗೀರು ಆಳ ಇರುತ್ತದೆ, ರಬ್ಬರ್ ಮಾತ್ರ ಗಟ್ಟಿಯಾಗಿರುತ್ತದೆ. ಹೆಬ್ಬೆರಳ ಉಗುರಿಂದ ಒತ್ತಿ ನೋಡಿ. ಒಳ್ಳೇ ರಬ್ಬರಿನಲ್ಲಿ ಗುರುತು ಮೂಡಿ ಮೆಲ್ಲಗೆ ಮಾಯವಾಗುತ್ತದೆ. ಗಟ್ಟಿಯಾದದ್ದರಲ್ಲಿ ಉಗುರೇ ಜಾರುತ್ತದೆ. ಗೀರಿನ ಬುಡದಲ್ಲಿ, ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕಿದ್ದರೆ ಮಾತೇ ಬೇಡ, ತೆಗೆಸಿ. ಪಕ್ಕೆಯಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2321 ಅಂದರೆ 2021ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಮೇಲೆ ಪ್ರತಿ ಮಳೆಗಾಲಕ್ಕೆ ಮೊದಲು ಒಮ್ಮೆ ಅಂಗಡಿಯಲ್ಲಿ ಬಿಚ್ಚಿಸಿ ನೋಡಿಸಬೇಕು. ನಿಮ್ಮ ಬೈಕಿನ ಜೊತೆಗೇ ಬಂದ ಟೈರ್ ಆಗಿದ್ದರೆ ನಾನಂತೂ ಎರಡನ್ನೂ ಒಟ್ಟಿಗೆ ಬದಲಾಯಿಸುತ್ತೇನೆ. ಒದ್ದೆ ರಸ್ತೆಯಲ್ಲಿ ಬೈಕನ್ನು ನಿಲ್ಲಿಸೋದು ಮುಖ್ಯವಾಗಿ ಮುಂದಿನ ಟೈರೇ. ಹಿಂದಿನದು ಜಾರಿದರೆ ಹಿಡಿದುಕೊಳ್ಳಲು ಒಂದು ಗಳಿಗೆ ಸಿಗುತ್ತದೆ. ಮುಂದಿನದು ಜಾರಿದರೆ ಅದೂ ಇಲ್ಲ.

ಇನ್ನು ಬಟನ್ ಟೈರ್. ಹಾಕಿ ಆಟಗಾರರ ಸ್ಟಡ್ ಶೂ ಹಾಕಿಕೊಂಡು ಒದ್ದೆ ಸಿಮೆಂಟ್ ನೆಲದ ಮೇಲೆ ನಡೆದು ನೋಡಿ, ಅದೇ ಇದು. ಮಣ್ಣಿಗೆ ಬಟನ್ ಒಳಗೆ ಇಳಿದು ಕಚ್ಚುತ್ತದೆ. ಡಾಂಬರಿಗೆ ಇಳಿಯೋಕೆ ಜಾಗವೇ ಇಲ್ಲ. ಬಟನ್ನುಗಳ ನಡುವಿನ ಖಾಲಿ ಜಾಗ ನೆಲ ಮುಟ್ಟೋದಿಲ್ಲ, ಹಾಗಾಗಿ ಹಿಡಿತಕ್ಕೆ ಸಿಗುವ ರಬ್ಬರೇ ಕಡಿಮೆ. ಬ್ರೇಕ್ ಹಿಡಿದಾಗ ಎತ್ತರದ ಬಟನ್ ಬಾಗುತ್ತದೆ. ತಿರುವಿನಲ್ಲಿ ಬೈಕ್ ತೇಲಿದ ಹಾಗೆ ಅನಿಸೋದು ಇದಕ್ಕೇ. ಮೈಸೂರಿಗೆ ಹೋಗಿ ಬರುವಷ್ಟರಲ್ಲಿ ಕಿವಿಯೂ ಗುಂಯ್ ಅನ್ನುತ್ತದೆ, ನಡುವಿನ ಬಟನ್ನೂ ಬೇಗ ಸವೆಯುತ್ತದೆ. ಇನ್ನೊಂದು ಮಾತು. ನಮ್ಮ ಕೆಂಪು ಜೇಡಿ ಮಣ್ಣು ಅಂಟುವಂಥದ್ದು. ಜೋರು ಮಳೆಯಲ್ಲಿ ಬಟನ್ ಸಂದಿಯೆಲ್ಲ ತುಂಬಿಕೊಂಡು, ನೂರು ಅಡಿ ಹೋಗೋದರೊಳಗೆ ಬಟನ್ ಟೈರೂ ನುಣ್ಣಗಾಗುತ್ತದೆ. ಜೀಪಿಗೇ ಚೈನ್ ಕಟ್ಟಿಕೊಂಡು ಹೋಗುವ ದಾರಿಗೆ ಬೈಕ್ ಯಾಕೆ? ಜುಲೈ, ಆಗಸ್ಟಿನಲ್ಲಿ ಗೇಟಿನ ಹತ್ತಿರ ನಿಲ್ಲಿಸಿ ನಡೆದು ಹೋಗಿ, ಒಂದೇ ಕಿಲೋಮೀಟರ್ ಅಲ್ವಾ.

ಅಗಲ ಟೈರಿನ ವಿಷಯ ಬೇಗ ಮುಗಿಸುತ್ತೇನೆ. ನಿಮ್ಮ ಬೈಕಿಗೆ ಮುಂದೆ 100/90-19, ಹಿಂದೆ 120/80-18. ಮೊದಲ ಅಂಕಿ ಅಗಲ ಮಿಲಿಮೀಟರಿನಲ್ಲಿ. ಎರಡನೇದು ಆ ಅಗಲಕ್ಕೆ ಟೈರಿನ ಎತ್ತರ ಶೇಕಡ ಎಷ್ಟು ಅಂತ. ಮೂರನೇದು ರಿಮ್ ಎಷ್ಟು ಇಂಚು ಅಂತ. ರಿಮ್ ಅದೇ ಇಟ್ಟುಕೊಂಡು 140 ಹಾಕಿಸಿದರೆ ಅಂಚುಗಳು ಒಳಕ್ಕೆ ಒತ್ತಿಕೊಂಡು ಟೈರಿನ ಬೆನ್ನು ಉಬ್ಬುತ್ತದೆ. ನೋಡಲು ದಪ್ಪ, ನೆಲಕ್ಕೆ ತಾಗೋದು ಮೊದಲಿಗಿಂತ ಜಾಸ್ತಿ ಏನಲ್ಲ. ಬೈಕ್ ತಿರುವಿಗೆ ಸೋಮಾರಿಯಾಗುತ್ತದೆ. ಕೆಲವಕ್ಕೆ ಚೈನ್ ಕವರಿಗೂ ಉಜ್ಜುತ್ತದೆ. ಅಂದಕ್ಕೆ ಬೇಕಾದರೆ ಅದು ನಿಮ್ಮಿಷ್ಟ. ಹಿಡಿತಕ್ಕೆ ಅಂತ ಹಾಕಿಸಬೇಡಿ.

ಹಿಂದಿನ ಟೈರಿನಲ್ಲಿ ಆ ಅಂಕಿಗಳ ಪಕ್ಕದಲ್ಲೇ 62ಪಿ ಅಂತ ಇನ್ನೊಂದು ಗುರುತು ಇರುತ್ತದೆ. ಇದನ್ನು ಯಾರೂ ನೋಡೋದಿಲ್ಲ. 62 ಅಂದರೆ ಆ ಟೈರ್ ಹೊರಬಹುದಾದ ತೂಕ 265 ಕೆಜಿ. ಪಿ ಅಂದರೆ ಗಂಟೆಗೆ 150 ಕಿಲೋಮೀಟರ್‌ವರೆಗಿನ ವೇಗ. ಕಡಿಮೆ ಬೆಲೆ ಅಂತ ಇದಕ್ಕಿಂತ ಕೆಳಗಿನ ಸಂಖ್ಯೆಯದು ತಗೊಳ್ಳಬೇಡಿ. ನಿಮ್ಮ ಬೈಕೇ 195 ಕೆಜಿ. ಅದರ ಮೇಲೆ ನೀವು, ಹಿಂದೆ 45 ಕೆಜಿಯ ಯೂರಿಯಾ ಮೂಟೆ ಕಟ್ಟಿಕೊಂಡರೆ ಹೆಚ್ಚಿನ ಭಾರವೆಲ್ಲ ಹಿಂದಿನ ಟೈರಿನ ತಲೆ ಮೇಲೇ.

ಹಾಗಾದರೆ ಏನು ಹಾಕಿಸಬೇಕು? ನಿಮಗೆ ಬೇಕಾದ್ದು ಡಾಂಬರಿಗೆ ಅಂತಲೇ ಮಾಡಿದ ಟೂರಿಂಗ್ ಬಗೆಯ ಟೈರ್. ಗೀರು ಆಳವಾಗಿರಬೇಕು. ನಡುವಿಂದ ಅಂಚಿಗೆ ಓರೆಯಾಗಿ ಹರಿದಿರಬೇಕು, ನೀರು ಪಕ್ಕಕ್ಕೆ ಹೋಗೋದು ಆ ದಾರಿಯಲ್ಲೇ. ಗೀರಿಗಿಂತ ಮುಖ್ಯ ರಬ್ಬರಿನ ಬೆರಕೆ. ಅಂಗಡಿಯಲ್ಲಿ ‘ಕಾಂಪೌಂಡ್’ ಅಂತಾರೆ. ಸಿಲಿಕಾ ಸೇರಿಸಿದ ರಬ್ಬರ್ ಚಳಿಯಲ್ಲೂ ಮೆತ್ತಗಿದ್ದು ಒದ್ದೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ. ಡಿಸೆಂಬರಿನಲ್ಲಿ ಬೆಳಗ್ಗೆ ಮಂಜಿನಲ್ಲಿ ಹೊರಡುವವರಿಗೆ ಇದು ಮಳೆಗಾಲದಷ್ಟೇ ಮುಖ್ಯ. ಮರದಿಂದ ತೊಟ್ಟಿಕ್ಕಿ ರಸ್ತೆ ಒದ್ದೆ, ರಬ್ಬರ್ ತಣ್ಣಗೆ. ಅದರ ಮೇಲೆ ಕೊಯ್ಲಿನ ಟ್ರ್ಯಾಕ್ಟರ್ ಬೀಳಿಸಿದ ಮಣ್ಣು, ಕಾಫಿ ಹಣ್ಣು. ‘ಬಹಳ ಬಾಳಿಕೆ ಬರುತ್ತೆ, ಸವೆಯೋದೇ ಇಲ್ಲ’ ಅಂತ ಹೊಗಳಿ ಕೊಡುವ ಟೈರ್ ಸಾಮಾನ್ಯವಾಗಿ ಗಟ್ಟಿ ರಬ್ಬರಿನದು. ಬಯಲುಸೀಮೆಯ ಒಣ ರಸ್ತೆಗೆ ಸರಿ. ನಮಗೆ ಬಾಳಿಕೆ ಸ್ವಲ್ಪ ಕಡಿಮೆಯಾದರೂ ಮೆತ್ತನೆಯದೇ ಬೇಕು. ನಡುವೆ ಗಟ್ಟಿ, ಅಂಚಿಗೆ ಮೆತ್ತಗೆ ಅಂತ ಎರಡು ರಬ್ಬರ್ ಸೇರಿಸಿ ಮಾಡಿದವೂ ಇವೆ. ನಿಮ್ಮ ಸೈಜಿನಲ್ಲಿ ಸಿಕ್ಕಿದರೆ ಮೈಸೂರು ಓಟಕ್ಕೂ ಮೂರ್ನಾಡಿನ ತಿರುವಿಗೂ ಸರಿಹೋಗುತ್ತದೆ.

ಮಣ್ಣು ದಾರಿಯ ಆಸೆ ಬಿಡೋದೇ ಇಲ್ಲ ಅಂದರೆ ನಡುವಿನ ದಾರಿ ಒಂದಿದೆ. ಮುಂದೆ ಡಾಂಬರಿನ ಟೈರ್, ಹಿಂದೆ ಮಾತ್ರ ಅಗಲ ಗೀರಿನ, ಗಿಡ್ಡ ಬಟನ್ನಿನ ಮಿಶ್ರ ಬಗೆಯದು. 80/20 ಅಂತ ಕರೀತಾರೆ. 80 ಡಾಂಬರಿಗೆ, 20 ಮಣ್ಣಿಗೆ. ಎರಡೂ ಟೈರಿನ ಒಳಗಿನ ನೂಲಿನ ಕಟ್ಟು ಒಂದೇ ಥರದ್ದಾಗಿರಲಿ. ಒಂದು ರೇಡಿಯಲ್, ಒಂದು ಸಾದಾ (ಬಯಾಸ್) ಆಗಬಾರದು. 50/50 ಅನ್ನೋದು ನಿಮ್ಮ ಲೆಕ್ಕಕ್ಕೆ ಬರೋದೇ ಇಲ್ಲ.

ಇದೇ ಪ್ರಶ್ನೆ ಬೇರೆಯವರು ಕೇಳಿದ್ದರೆ ಉತ್ತರ ಬೇರೆ ಇರುತ್ತಿತ್ತು. ಹಿಮಾಲಯನ್ ಅಥವಾ ಎಕ್ಸ್‌ಪಲ್ಸ್‌ನಂಥ ಮಣ್ಣು ದಾರಿಗೂ ಆಗುವ ಬೈಕ್ ಇಟ್ಟುಕೊಂಡು ತೋಟದೊಳಗೇ ಅರ್ಧ ದಿನ ಓಡಾಡುವ ಕಕ್ಕಬ್ಬೆ ಕಡೆಯವರಿಗೆ 50/50 ಸರಿ. ಡಾಂಬರಿಗೆ ಬಂದಾಗ ನಿಧಾನಕ್ಕೆ ಓಡಿಸುವ ಶಿಸ್ತು ಅವರಿಗಿರಬೇಕು ಅಷ್ಟೆ. ಕುಶಾಲನಗರದಲ್ಲಿ ಮನೆ, ಮೈಸೂರಿನಲ್ಲಿ ಕೆಲಸ ಅನ್ನುವವರಿಗೆ ಮಳೆಯೂ ಕಡಿಮೆ, ರಸ್ತೆಯೂ ನೇರ. ಅವರು ಗಟ್ಟಿ ರಬ್ಬರಿನ, ಬಾಳಿಕೆಯ ಟೈರ್ ನೋಡಬಹುದು. ಡ್ಯೂಕ್ ಬೈಕ್ ತಗೊಂಡು ಸಂಪಾಜೆ ಘಾಟಿಗೆ ಹೋಗುವ ಹುಡುಗರು ಕಡಿಮೆ ಗೀರಿನ ಸ್ಪೋರ್ಟ್ ಟೈರ್ ಕೇಳುತ್ತಾರೆ. ಫೆಬ್ರವರಿಯಲ್ಲಿ ಅದು ಚೆನ್ನಾಗೇ ಇರುತ್ತದೆ. ಜೂನ್ ಬಂದ ಮೇಲೆ ಅದರಲ್ಲಿ ಘಾಟಿ ಇಳಿಯೋದು ಬೇಡ. ಸ್ಪ್ಲೆಂಡರಿನಲ್ಲಿ ಹಾಲು ಹಾಕುವವರಿಗೆ ಕಂಪನಿ ಕೊಟ್ಟ ಸೈಜಿನ ಸಾದಾ ಟೈರೇ ಸಾಕು, ಸವೆದಾಗ ಬದಲಾಯಿಸಿದರೆ.

ನಿಮ್ಮ ಬೈಕಿನ ಸ್ಪೋಕ್ ಚಕ್ರಕ್ಕೆ ಟ್ಯೂಬ್ ಬೇಕೇ ಬೇಕು. ಟೈರಿನ ಜೊತೆ ಟ್ಯೂಬೂ ಹೊಸದು ಹಾಕಿಸಿ. ಹಳೇ ಟ್ಯೂಬ್ ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಮಡಚಿಕೊಂಡು ಅಲ್ಲೇ ತೂತಾಗುತ್ತದೆ. ಟ್ಯೂಬ್‌ಲೆಸ್‌ನಲ್ಲಿ ಮೊಳೆ ಹೊಕ್ಕರೆ ಸಾಮಾನ್ಯವಾಗಿ ಗಾಳಿ ನಿಧಾನಕ್ಕೆ ಇಳಿಯುತ್ತದೆ, ಟ್ಯೂಬಿನಲ್ಲಿ ಒಮ್ಮೆಲೇ ಹೋಗಬಹುದು. ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋದು) ನಡೆಯುವ ಹೊತ್ತಿನಲ್ಲಿ ತೋಟದ ದಾರಿಯಲ್ಲಿ ಕಡಿದ ಕೊಂಬೆಯ ಮೊನೆ, ಬೇಲಿ ತಂತಿಯ ಚೂರು ಬಿದ್ದಿರುತ್ತವೆ. ಬ್ಯಾಗಿನಲ್ಲಿ ಒಂದು ಟ್ಯೂಬ್ ಇಟ್ಟುಕೊಂಡಿರಿ. ಭಾಗಮಂಡಲದ ಕಡೆ ಸಂಜೆ ಆರರ ಮೇಲೆ ಪಂಚರ್ ಅಂಗಡಿ ಹುಡುಕೋದು ಸುಲಭ ಇಲ್ಲ.

ಗಾಳಿ ಎಷ್ಟು ಅನ್ನೋದಕ್ಕೆ ಬೈಕಿನ ಮ್ಯಾನ್ಯುಯಲ್ ನೋಡಿ. ಒಬ್ಬರಿದ್ದರೆ ಎಷ್ಟು, ಇಬ್ಬರಿದ್ದರೆ ಎಷ್ಟು ಅಂತ ಬೇರೆ ಬೇರೆ ಕೊಟ್ಟಿರುತ್ತಾರೆ. ಟೈರಿನ ಪಕ್ಕೆಯಲ್ಲಿ ಬರೆದಿರೋದು ಗರಿಷ್ಠ, ಅಷ್ಟು ತುಂಬಿಸಬೇಡಿ. ಮಳೆಗಾಲದಲ್ಲಿ ಗಾಳಿ ಇಳಿಸಿದರೆ ಹಿಡಿತ ಜಾಸ್ತಿ ಅನ್ನೋದು ಡಾಂಬರಿಗೆ ಸುಳ್ಳು. ಗಾಳಿ ಕಡಿಮೆಯಾದರೆ ಗೀರು ಮುಚ್ಚಿಕೊಂಡು ನೀರು ಹೊರಹೋಗೋದೇ ಕಡಿಮೆಯಾಗುತ್ತದೆ. ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಪಕ್ಕಪಕ್ಕದಲ್ಲೇ ಎರಡು ತೂತು ಬೀಳುತ್ತದೆ. ಬೆಳಗ್ಗೆ ಟೈರ್ ತಣ್ಣಗಿದ್ದಾಗಲೇ ನೋಡಿಸಿ. ಮೈಸೂರಿನಲ್ಲಿ ಮಧ್ಯಾಹ್ನ ಓಡಿಸಿ ಬಿಸಿಯಾದ ಟೈರಿಗೆ ಸರಿಯಾಗಿ 32 ತುಂಬಿಸಿಕೊಂಡು ಬಂದರೆ, ಮರುದಿನ ಬೆಳಗ್ಗೆ ಮನೆಯಲ್ಲಿ ಎರಡು ಮೂರು ಪಿಎಸ್ಐ ಕಡಿಮೆ ಇರುತ್ತದೆ. ಗಾಳಿ ಸೋರಿದ್ದಲ್ಲ, ತಣ್ಣಗಾದದ್ದು.

ಯಾವಾಗ ಬದಲಾಯಿಸಬೇಕು? ಗೀರಿನ ಬುಡದಲ್ಲಿ ಅಡ್ಡಕ್ಕೆ ಚಿಕ್ಕ ದಿಬ್ಬ ಇರುತ್ತದೆ. ಅದು ಎಲ್ಲಿದೆ ಅಂತ ಪಕ್ಕೆಯಲ್ಲಿ ಟಿಡಬ್ಲ್ಯುಐ ಎಂದೋ ತ್ರಿಕೋನವೋ ಗುರುತು ಹಾಕಿರುತ್ತಾರೆ. ಟೈರ್ ಆ ದಿಬ್ಬದ ಮಟ್ಟಕ್ಕೆ ಬಂದರೆ ಆಯುಸ್ಸು ಮುಗಿಯಿತು. ಕೊಡಗಿನಲ್ಲಿ ಅಲ್ಲಿತನಕ ಕಾಯಬಾರದು ಅನ್ನೋದು ನನ್ನ ಹಟ. ಮೇ ತಿಂಗಳಲ್ಲಿ ಗೀರು 2 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಬದಲಾಯಿಸಿಬಿಡಿ, ‘ಇದೊಂದು ಮಳೆಗಾಲ ಹೋಗಲಿ’ ಅನ್ನಬೇಡಿ. ಸಾಧ್ಯವಾದರೆ ಮಾರ್ಚಿಗೆ ಮೊದಲೇ. ಕಾಫಿ ಹೂ ಅರಳಿಸುವ ಹೂಮಳೆ ಬೀಳುತ್ತದಲ್ಲ, ತಿಂಗಳುಗಟ್ಟಲೆ ಒಣಗಿದ ರಸ್ತೆಯ ಎಣ್ಣೆ, ಧೂಳು ಎಲ್ಲ ಆ ಮೊದಲ ಅರ್ಧ ಗಂಟೆಯಲ್ಲಿ ಮೇಲೆದ್ದು ಜಾರುತ್ತದೆ. ಕಾಫಿಗೆ ಒಳ್ಳೆಯದು, ಬೈಕಿಗೆ ಅಲ್ಲ.

ಹಾಕಿಸುವಾಗ ಅಂಗಡಿಯಲ್ಲೇ ನಿಂತು ನೋಡಿ. ಪಕ್ಕೆಯ ಬಾಣದ ಗುರುತು ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೇ ಇರಬೇಕು. ಚಕ್ರ ಕೂರಿಸಿದ ಮೇಲೆ ಚೈನ್ ಬಿಗಿ, ಆಕ್ಸಲ್ ನಟ್, ಹಿಂದಿನ ಬ್ರೇಕ್ ಮೂರನ್ನೂ ನೀವೇ ಮುಟ್ಟಿ ಪರೀಕ್ಷಿಸಿ. ಹೊಸ ಟೈರಿನ ಮೈ ನುಣ್ಣಗಿರುತ್ತದೆ. ಮೊದಲ 100–150 ಕಿಲೋಮೀಟರ್ ಮೆಲ್ಲಗೆ ಓಡಿಸಿ, ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತಾ ಹೋಗಿ. ಒಣ ರಸ್ತೆಯಲ್ಲಿ ಮಡಿಕೇರಿಗೆ ಮೂರು ನಾಲ್ಕು ದಿನ ಹೋಗಿ ಬಂದರೆ ಅಷ್ಟು ಆಗುತ್ತದೆ. ತಲಕಾವೇರಿ ಏನಿದ್ದರೂ ಮುಂದಿನ ಭಾನುವಾರಕ್ಕೆ ಇಟ್ಟುಕೊಳ್ಳಿ.